ನಮ್ಮನೆ ಚಿತ್ರಾನ್ನಕ್ಕೆ ಚಿಕನ್ ಬೇಕಂತೆ

ಮೊದಲನೇ ಆಷಾಢ ಶುಕ್ರವಾರ, ಬೆಳಗ್ಗೆ ಐದೂವರೆ. ಲಲಿತಮಹಲ್ ಹತ್ರದ ಮೈದಾನದ ತನಕ ಸ್ಕೂಟರಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿದು ಚಾಮುಂಡಿ ಬೆಟ್ಟಕ್ಕೆ ಹೋಗೋದು ಅಂತ ನಾನೂ ನಮ್ಮತ್ತೆನೂ ತಲೆಗೆ ಸ್ನಾನ ಮಾಡಿ ಹೂ ಮುಡ್ಕೊಂಡು ಕೆಳಗಿಳಿದು ಬಂದು ಇನ್ನೇನು ಕೀ ತಿರುಗಿಸ್ಬೇಕು, ಸ್ಕೂಟರ್ ಮಿಯಾಂವ್ ಅಂತು. ಬೀದೀಲಿ ಎಲ್ಲೋ ಇರ್ಬೇಕು ಅಂದ್ಕೊಂಡೆ. ಅತ್ತೆ "ತಡಿಯಮ್ಮ, ಸ್ಟಾರ್ಟ್ ಮಾಡ್ಬೇಡ" ಅಂತ ಹಿಂದಿನ ಸೀಟಿಂದ ಇಳಿದೇ ಬಿಟ್ರು. ಸೀಟ್ ಎತ್ತಿ ನೋಡಿದ್ರೆ ಏನಿಲ್ಲ, ಬಗ್ಗಿ ಮೊಬೈಲ್ ಟಾರ್ಚ್ ಬಿಟ್ರೆ ಇಂಜಿನ್ ಮೇಲ್ಗಡೆ ಸಂದೀಲಿ ಎರಡು ಕಣ್ಣು. ಕೈ ಹಾಕಿದಷ್ಟೂ ಒಳಗೆ ಒಳಗೆ ಹೋಯ್ತು. ಕೊನೆಗೆ ಬೀದಿ ತುದಿ ಮೆಕ್ಯಾನಿಕ್ ಹುಡುಗ ಎಂಟೂವರೆಗೆ ಅಂಗಡಿ ತೆಗೆಯೋಕೆ ಬಂದೋನು ಸೈಡ್ ಪ್ಯಾನೆಲ್ ಸ್ಕ್ರೂ ಬಿಚ್ಚಿ, ಮೈಯೆಲ್ಲಾ ಗ್ರೀಸ್ ಮೆತ್ಕೊಂಡಿದ್ದ ಒಂದು ಹಿಡಿಯಷ್ಟು ಜೀವಾನ ನನ್ನ ಸೆರಗಿಗೆ ಹಾಕಿ, ದುಡ್ಡು ಬೇಡ ಮೇಡಂ ಅಂತ ಹೊರಟೋದ. ಆ ಶುಕ್ರವಾರ ನಾವು ಬೆಟ್ಟಕ್ಕೆ ಹೋಗ್ಲಿಲ್ಲ.

(ಮಳೆ ಚಳಿಗೆ ಬೆಚ್ಚಗಿರತ್ತೆ ಅಂತ ಮರಿಗಳು ಗಾಡಿ ಒಳಗೆ ಸೇರ್ಕೊಳ್ತಾವೆ. ಈಗ ದಿನಾ ಸೀಟ್ ಮೇಲೆ ಎರಡು ಸಲ ತಟ್ಟಿ ಆಮೇಲೆ ಸ್ಟಾರ್ಟ್ ಮಾಡ್ತೀನಿ, ಎದುರುಮನೆಯವರು ನಾನು ಗಾಡಿಗೆ ನಮಸ್ಕಾರ ಹಾಕ್ತೀನಿ ಅಂದ್ಕೊಂಡಿದಾರೆ.)

ಹಾಗಂತ ನೇರ ಮನೆ ಒಳಗೆ ತಂದ್ಬಿಡ್ಲಿಲ್ಲ. ಬೆಕ್ಕು ಮರೀನ ಏಳು ಮನೆ ತೋರಿಸತ್ತೆ ಅಂತಾರಲ್ಲ, ತಾಯಿ ಒಂದೊಂದೇ ಮರಿ ಕಚ್ಕೊಂಡು ಜಾಗ ಬದಲಾಯಿಸ್ತಾ ಇರುವಾಗ ಮಧ್ಯ ಒಂದು ಉಳ್ಕೊಂಡಿದ್ರೆ ನಾವು ಎತ್ಕೊಂಡು ಹೋದ್ರೆ ಅದು ಬಂದು ಹುಡುಕತ್ತೆ. ಅದಕ್ಕೆ ಒಂದು ರಟ್ಟಿನ ಡಬ್ಬದಲ್ಲಿ ಹಳೇ ಟವೆಲ್ ಹಾಕಿ, ಮರೀನ ಕೂರಿಸಿ, ಗೇಟ್ ಪಕ್ಕ ಮಳೆ ತಾಗದ ಕಡೆ ಇಟ್ಟು ನಾವು ಮೇಲಿಂದ ಕಿಟಕೀಲಿ ಕಾಯ್ತಾ ಕೂತ್ವಿ. ಮಧ್ಯಾಹ್ನ ಆಯ್ತು, ಸಂಜೆ ಆಯ್ತು, ತಾಯಿ ಬರ್ಲಿಲ್ಲ, ಮಳೆ ಬಂತು. ನನ್ನ ಮಗಳು, ನಾಲ್ಕನೇ ಕ್ಲಾಸು, ಸ್ಕೂಲಿಂದ ಬಂದು ಡಬ್ಬದೊಳಗೆ ಇಣುಕಿ, ಬಿಳಿ ಹಳದಿ ಕಪ್ಪು ಮೂರೂ ಬಣ್ಣ ನೋಡಿ, "ಅಮ್ಮಾ ಚಿತ್ರಾನ್ನ ಥರ ಇದೆ" ಅಂದ್ಲು. ಒಗ್ಗರಣೆ ಸಾಸಿವೆ ಸಮೇತ. ಹೆಸರಿಟ್ಟ ಮೇಲೆ ಇನ್ನೇನು, ಮೇಲೆ ಬಂತು.

ಇಲ್ಲಿ ಒಂದು ವಿಷ್ಯ ಹೇಳ್ಬೇಕು. ನಮ್ಮದು ಈರುಳ್ಳಿ ಬೆಳ್ಳುಳ್ಳಿನೂ ವಾರದಲ್ಲಿ ಎರಡು ದಿನ ಮನೆ ಒಳಗೆ ಬರದೇ ಇರೋ ಮನೆ. ಮೊಟ್ಟೆ ಅನ್ನೋದು ಕೇಕಲ್ಲಿ ಇರತ್ತೆ ಅಂತ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ತಿನ್ನೋದಷ್ಟೇ. ಬೆಕ್ಕು ಸಾಕೋದು ಅಂದ್ರೆ ನಮ್ಮ ತಲೇಲಿ ಇದ್ದಿದ್ದು ಹಾಲು, ಮೊಸರನ್ನ, ಇನ್ನೊಂದು ಚೂರು ಹಾಲು.

ಅತ್ತೆ ಅವತ್ತು ರಾತ್ರಿ ಹಸುವಿನ ಹಾಲು ಉಗುರುಬೆಚ್ಚಗೆ ಮಾಡಿ ಒಂದು ಡಬ್ಬಿ ಮುಚ್ಚಳದಲ್ಲಿ ಇಟ್ರು, ಅದು ಮೂತಿ ಮುಳುಗಿಸ್ಕೊಂಡು ಕುಡೀತು, ನಮಗೆಲ್ಲಾ ಆನಂದಬಾಷ್ಪ. ಬೆಳಗಾಗೋ ಹೊತ್ತಿಗೆ ನಾಲ್ಕು ಸಲ ಭೇದಿ. ಟವೆಲ್ ಎಲ್ಲಾ ಹಳದಿ ನೀರು, ಮರಿ ಕತ್ತು ಎತ್ತೋಕೂ ಆಗದೆ ಮಲಗಿದೆ. ಡಾಕ್ಟ್ರು ನೋಡಿದ ತಕ್ಷಣ ಕೇಳಿದ್ದೇ "ಹಾಲು ಹಾಕಿದ್ರಾ?" ಭುಜದ ಮೇಲಿನ ಚರ್ಮ ಎರಡು ಬೆರಳಲ್ಲಿ ಎತ್ತಿ ಬಿಟ್ರು, ಅದು ಹಾಗೇ ಟೆಂಟ್ ಥರ ನಿಂತ್ಕೊಂಡು ನಿಧಾನಕ್ಕೆ ಇಳೀತು. ಚೆನ್ನಾಗಿರೋ ಮರಿದು ಟಕ್ ಅಂತ ವಾಪಸ್ ಹೋಗ್ಬೇಕಂತೆ, ಹಿಂಗಾದ್ರೆ ಮೈಯಲ್ಲಿ ನೀರಿನಂಶ ಕಮ್ಮಿ ಆಗಿದೆ ಅಂತ. ಹಸುವಿನ ಹಾಲಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಅಷ್ಟನ್ನ ಬೆಕ್ಕಿನ ಹೊಟ್ಟೆ ಅರಗಿಸ್ಕೊಳ್ಳಲ್ಲ, ಜೊತೆಗೆ ಬೆಕ್ಕಿನ ಹಾಲಲ್ಲಿ ಪ್ರೋಟೀನು ಹಸುವಿನ ಹಾಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು, ಹಾಗಾಗಿ ಹಸುವಿನ ಹಾಲು ಹೊಟ್ಟೆನೂ ಕೆಡಿಸತ್ತೆ, ಮೈಗೂ ಹತ್ತಲ್ಲ. ತೆನಾಲಿ ರಾಮನ ಬೆಕ್ಕು ಹಾಲು ನೋಡಿ ಓಡ್ತಿತ್ತಲ್ಲ, ಪಾಪ ಅದೊಂದೇ ಬುದ್ಧಿವಂತ ಬೆಕ್ಕು ಅನ್ಸತ್ತೆ ಈಗ.

ಬಾಯಿ ತೆರೆದು ಹಲ್ಲು ನೋಡಿ ಐದು ವಾರ ಅಂದ್ರು. ಮುಂದಿನ ಪುಟಾಣಿ ಹಲ್ಲು, ಕೋರೆಹಲ್ಲು ಬಂದಿದೆ, ದವಡೆ ಹಲ್ಲು ಈಗ ಮೊಳೀತಾ ಇದೆ, ಕಣ್ಣು ಇನ್ನೂ ನೀಲಿ. ಎಲ್ಲಾ ಮರಿಗೂ ಹುಟ್ಟುವಾಗ ನೀಲಿ ಕಣ್ಣೇ, ಆರೇಳು ವಾರಕ್ಕೆ ನಿಧಾನ ಬಣ್ಣ ತಿರುಗತ್ತೆ. ತೂಕ ನಾನೂರ ಹತ್ತು ಗ್ರಾಂ, ವಯಸ್ಸಿಗೆ ಕಮ್ಮಿ. ಗಂಡೋ ಹೆಣ್ಣೋ ಕೇಳಿದ್ರೆ ಬಾಲ ಎತ್ತಿ ನೋಡೋಕೂ ಹೋಗ್ದೆ "ಮೂರು ಬಣ್ಣ ಇದ್ಯಲ್ಲ, ಹೆಣ್ಣೇ" ಅಂದ್ರು. ಹಳದಿ ಬಣ್ಣನೂ ಕಪ್ಪೂ ಒಟ್ಟಿಗೆ ಬರ್ಬೇಕಂದ್ರೆ ಎರಡು ಎಕ್ಸ್ ಕ್ರೋಮೋಸೋಮ್ ಬೇಕಂತೆ, ಅದು ಸಾಮಾನ್ಯವಾಗಿ ಹೆಣ್ಣಿಗೇ ಇರೋದು, ಮೂರು ಬಣ್ಣದ ಗಂಡು ಸಿಗೋದು ತೀರಾ ಅಪರೂಪ. ಕಾರ್ಡಲ್ಲಿ ಹೆಸರು ಏನು ಬರೀಲಿ ಅಂದಾಗ ಮಗಳು ಚಿತ್ರಾನ್ನ ಅನ್ನೋಕೆ ಮುಂಚೆ ಅತ್ತೆ "ಚಿತ್ರಾ ಅಂತ ಬರೀರಿ" ಅಂದ್ಬಿಟ್ರು.

ಆಮೇಲೆ ಬಂತು ಅಸಲಿ ಮಾತು. ಏನು ತಿನ್ನಿಸ್ಬೇಕು? ಡಾಕ್ಟ್ರು ನಮ್ಮ ಹಣೆ ನೋಡಿದ್ರು, ಅತ್ತೆ ಕೈಯಲ್ಲಿದ್ದ ಹೂವಿನ ಕವರ್ ನೋಡಿದ್ರು, ಆಮೇಲೆ ಸಮಾಧಾನವಾಗಿ ಹೇಳಿದ್ರು, ನಾಯಿ ಬೇಕಾದ್ರೆ ಹೇಗೋ ಸುಧಾರಿಸ್ಕೊಳ್ಳತ್ತೆ, ಬೆಕ್ಕು ಆಗಲ್ಲ, ಅದು ಮಾಂಸ ತಿಂದೇ ಬದುಕ್ಬೇಕಾದ ಪ್ರಾಣಿ. ಟಾರೀನ್ ಅಂತ ಒಂದು ಪೋಷಕಾಂಶ ಇರತ್ತೆ, ಅದನ್ನ ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸ್ಕೊಳ್ಳಲ್ಲ, ಸೊಪ್ಪು ಕಾಳಲ್ಲಿ ಇರಲ್ಲ, ಮಾಂಸದಿಂದಲೇ ಬರ್ಬೇಕು, ಇಲ್ಲ ಅಂದ್ರೆ ಕಣ್ಣು ಹೋಗತ್ತೆ, ಹೃದಯ ದೊಡ್ಡದಾಗಿ ಸೋತು ಹೋಗತ್ತೆ. ಬರೀ ಬೇಯಿಸಿದ ಚಿಕನ್ ಹಾಕಿದ್ರೂ ಸಾಲದಂತೆ, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇಲ್ಲ, ಬೆಳೆಯೋ ಮೂಳೆ ಲೊಡ್ಡಾಗತ್ತೆ. ಮರಿಗಳಿಗೆ ಅಂತಲೇ ಬರೋ ಪ್ಯಾಕೆಟ್ ಫುಡ್ ಮುಖ್ಯ ಊಟ, ಚಿಕನ್ ಪಕ್ಕಕ್ಕೆ ಉಪ್ಪಿನಕಾಯಿ ಥರ. (ಉಪ್ಪಿನಕಾಯಿ ಅನ್ನೋದು ನನ್ನ ಮಾತು, ಡಾಕ್ಟ್ರದ್ದಲ್ಲ.)

ಪ್ಯಾಕೆಟ್ ಬಂತು. ಕಂದು ಬಣ್ಣದ ಚಿಕ್ಕ ಚಿಕ್ಕ ಗುಂಡು, ನೋಡೋಕೆ ಹುರಿಗಡಲೆಗೂ ಖಾರಾಬೂಂದಿಗೂ ಹುಟ್ಟಿದ ಹಾಗೆ. ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಇಟ್ರೆ ತಿಂತು. ಅತ್ತೆ ಅದನ್ನ ಮೊದಲ ದಿನದಿಂದ "ಕಾಳು" ಅಂತಲೇ ಕರೆದ್ರು. "ಚಿತ್ರಂಗೆ ಕಾಳು ನೆನೆಹಾಕಿದ್ಯಾ?" ಪ್ಯಾಕೆಟ್ ಹಿಂದೆ ಏನೇನು ಹಾಕಿದಾರೆ ಅಂತ ಅತ್ತೆ ಕನ್ನಡಕ ಹಾಕ್ಕೊಂಡು ಓದ್ಲೂ ಇಲ್ಲ, ನಾವು ಓದಿ ಹೇಳ್ಲೂ ಇಲ್ಲ. ಒಂದು ವಾರ ಹೀಗೆ ಎಲ್ಲರೂ ಸುಖವಾಗಿದ್ವಿ. ಅಡುಗೆಮನೆ ತಕ್ಕಡೀಲಿ ಸ್ಟೀಲ್ ಡಬ್ಬಿ ಇಟ್ಟು ಅದರೊಳಗೆ ಮರೀನ ಕೂರಿಸಿ ದಿನಾ ಬೆಳಗ್ಗೆ ತೂಕ ಮಾಡಿ ಕ್ಯಾಲೆಂಡರ್ ಮೇಲೆ ಬರೀತಿದ್ವಿ, ಈ ವಯಸ್ಸಲ್ಲಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರ್ಬೇಕು. ಹಾಲಿನವನ ಲೆಕ್ಕದ ಪಕ್ಕ ಚಿತ್ರಾನ್ನದ ಲೆಕ್ಕ.

ಎರಡನೇ ಭಾನುವಾರ ನೆಗಡಿ ಶುರುವಾಯ್ತು. ಒಂದು ಕಣ್ಣು ಅಂಟ್ಕೊಂಡಿತ್ತು, ಮೂಗಲ್ಲಿ ಸುರಿತಾ ಇತ್ತು, ಪುಟ್ಟ ಪುಟ್ಟ ಸೀನು. ಕಾಳು ಮುಟ್ಲಿಲ್ಲ. ಬೆಕ್ಕಿಗೆ ರುಚಿಗಿಂತ ವಾಸನೆ ಮುಖ್ಯ, ಮೂಗು ಕಟ್ಟಿದ್ರೆ ಎದುರಿಗೆ ಏನಿಟ್ರೂ ಅದು ಊಟ ಅಂತಲೇ ಗೊತ್ತಾಗಲ್ಲ, ಮತ್ತೆ ಅಷ್ಟು ಚಿಕ್ಕ ಮರಿ ಒಂದು ದಿನ ಪೂರ್ತಿ ಹೊಟ್ಟೆಗೆ ಏನೂ ಇಲ್ದೆ ಇದ್ರೆ ಜೀವಕ್ಕೇ ಬರತ್ತೆ. ಮುಟ್ಟಿದ್ರೆ ಮೈ ಬಿಸಿ. ನಮ್ಮನೆಯವರು ಮಗಳಿಗೆ ಜ್ವರ ಬಂದಾಗ ಕೊಡೋ ಪ್ಯಾರಸಿಟಮಾಲ್ ಸಿರಪ್ ಕೈಯಲ್ಲಿ ಹಿಡ್ಕೊಂಡು "ಎರಡೇ ಎರಡು ಹನಿ ಹಾಕ್ಲಾ" ಅಂದ್ರು. ಏನೋ ಪುಣ್ಯ, ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯಿಂದ ಕೂಗಿದ್ದು ಸ್ಪೀಕರ್ ಹಾಕದೇನೇ ಇಡೀ ಮನೆಗೆ ಕೇಳಿಸ್ತು. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಅದನ್ನ ಒಡೆದು ಹೊರಗೆ ಹಾಕೋ ಶಕ್ತಿ ಅದರ ಲಿವರ್‌ಗೆ ಇಲ್ಲ, ದೊಡ್ಡ ಬೆಕ್ಕೂ ಒಂದು ಮಾತ್ರೆಗೆ ಸಾಯ್ಬಹುದು. ಮತ್ತೆ ಮೈ ಬಿಸಿ ಇರೋದು ಜ್ವರ ಅಂತಲೇ ಅಲ್ಲ, ಬೆಕ್ಕಿನ ಮೈ ಮಾಮೂಲಾಗೇ 38ರಿಂದ 39 ಡಿಗ್ರಿ, ನಮ್ಮ ಕೈಗೆ ಯಾವಾಗ್ಲೂ ಬಿಸಿನೇ. ಸಿರಪ್ ಬಾಟಲ್ ಈಗ ಬೀರು ಒಳಗೆ ಬೀಗದಲ್ಲಿದೆ.

ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ ಔಷಧಿ, ಕಣ್ಣಿಗೆ ಡ್ರಾಪ್ಸ್ ತಂದ್ವಿ, ಬಿಸಿನೀರು ಬಿಟ್ಟು ಆವಿ ತುಂಬಿದ ಬಚ್ಚಲುಮನೇಲಿ ಹತ್ತು ನಿಮಿಷ ಎತ್ಕೊಂಡು ಕೂತ್ಕೊಂಡೆ, ಮೂಗು ಸ್ವಲ್ಪ ಬಿಡ್ತು. ಊಟ ಮಾತ್ರ ಇಲ್ಲ. ಆಗ ಪಕ್ಕದ್ಮನೆ ಆಂಟಿ. ಅವರು ಕೆ.ಆರ್. ಪೇಟೆ ಕಡೆಯವರು, ಬಾಲ್ಕನಿ ಗೋಡೆ ಮೇಲಿಂದ ವಾರದಿಂದ ನಮ್ಮ ಸಾಹಸ ನೋಡ್ತಾನೇ ಇದ್ರು. "ಅದು ಕೊತ್ತಿ ಕನವ್ವ, ಪೂಜಾರಪ್ಪ ಅಲ್ಲ. ಬಾಡಿನ ವಾಸ್ನೆ ತೋರ್ಸು, ಎದ್ ಕುಂತ್ಕತದೆ." ಅವರ ಮನೇಲಿ ಅವತ್ತು ಕೋಳಿ. ಮಸಾಲೆ ಹಾಕೋಕೆ ಮುಂಚೆ ಎರಡು ಚೂರು ತೆಗೆದು, ಉಪ್ಪು ಅರಿಶಿನ ಈರುಳ್ಳಿ ಏನೂ ಇಲ್ದೆ ಬರೀ ನೀರಲ್ಲಿ ಬೇಯಿಸಿ, ನಾರು ನಾರು ಬಿಡಿಸಿ, ಬೆಂದ ನೀರಿನ ಸಮೇತ ಬಟ್ಟಲಲ್ಲಿ ಹಾಕಿ ಮೆಟ್ಟಿಲ ಹತ್ರ ತಂದು ನಿಂತ್ರು. ಒಳಗೆ ಬರ್ಲಿಲ್ಲ, ಅವರಿಗೂ ನಮ್ಮನೆ ವಿಷ್ಯ ಗೊತ್ತು. (ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ಕೆಟ್ಟದ್ದು, ರಕ್ತ ಒಡೆಯತ್ತೆ. ಈ ಒಂದು ವಿಷ್ಯದಲ್ಲಿ ಬೆಕ್ಕೂ ಅತ್ತೆನೂ ಒಂದೇ ಪಾರ್ಟಿ.)

ಅವತ್ತು ಪ್ರಥಮ ಏಕಾದಶಿ. ಅತ್ತೆ ನಿರಾಹಾರ. ನಾನು ಏನು ಮಾಡ್ಲಿ, ಬಟ್ಟಲು ಈಸ್ಕೊಳ್ಳಲೋ, ಬೇಡ ಆಂಟಿ ಅನ್ಲೋ ಅಂತ ಬಾಗಿಲಲ್ಲಿ ಮರದ ಥರ ನಿಂತಿದೀನಿ. ಅತ್ತೆ ದೇವರ ಮನೆಯಿಂದ ಎದ್ದು ಬಂದ್ರು, ಬಟ್ಟಲು ನೋಡಿದ್ರು, ಮೂಲೇಲಿ ಟವೆಲ್ ಮೇಲೆ ಮುದುರಿಕೊಂಡಿದ್ದ ಚಿತ್ರಾನ್ನಾನ ನೋಡಿದ್ರು. "ಉಪವಾಸ ಇರೋದು ನಾನು. ಇದು ಯಾಕಿರ್ಬೇಕು" ಅಂದು ಆಂಟಿ ಕೈಯಿಂದ ಬಟ್ಟಲು ತಾವೇ ತಗೊಂಡು, ಕೈ ಉದ್ದಕ್ಕೆ ಚಾಚಿ ಹಿಡ್ಕೊಂಡು, ಮುಖ ಆ ಕಡೆ ತಿರುಗಿಸ್ಕೊಂಡು ಬಾಲ್ಕನಿ ತನಕ ನಡ್ಕೊಂಡು ಹೋದ್ರು. ಮರೀನ ನಾನು ಎತ್ಕೊಂಡು ಬಂದೆ. ಬೆರಳಲ್ಲಿ ಒಂದು ಹನಿ ಆ ನೀರು ಅದರ ಮೂಗಿಗೆ ಹಚ್ಚಿದ್ದಷ್ಟೇ, ನಾಲಿಗೆ ಹೊರಗೆ ಬಂತು, ಒಂದು ಸಲ ನೆಕ್ತು, ಕಣ್ಣು ಬಿಡ್ತು, ಆಮೇಲೆ ಅಷ್ಟು ಚಿಕ್ಕ ಮೈಯಿಂದ ಅಷ್ಟು ದೊಡ್ಡ ಗುರ್ರ್ ಶಬ್ದ ಮಾಡ್ಕೊಂಡು, ತಿನ್ನುವಾಗಲೂ ಬೈಯ್ತಾ ಇರೋ ಥರ ಗುರ್ ಗುರ್ ಅಂತ ಬಟ್ಟಲು ಬಳಿದು ಖಾಲಿ ಮಾಡ್ತು. ಅತ್ತೆ ಇನ್ನೊಂದು ಸಲ ತಲೆಗೆ ಸ್ನಾನ ಮಾಡ್ಕೊಂಡು ಬಂದ್ರು, ಏನೂ ಮಾತಾಡ್ಲಿಲ್ಲ.

ಅಲ್ಲಿಂದ ವ್ಯವಸ್ಥೆ ಹಿಂಗಿದೆ. ಆಂಟಿ ಬಟ್ಟಲು ಬಾಲ್ಕನೀಲೇ ಇರತ್ತೆ, ಬಾಲ್ಕನಿ ನಲ್ಲೀಲೇ ತೊಳೆಯೋದು, ಅದಕ್ಕೆ ಬೇರೆ ನಾರು, ಹಸಿರು ಬಣ್ಣದ್ದು. ವಾರಕ್ಕೆ ಎರಡು ಸಲ ಆಂಟಿ ಕಡೆಯಿಂದ ಸಪ್ಲೈ, ನಮ್ಮ ಕಡೆಯಿಂದ ಅವರಿಗೆ ಹೋಳಿಗೆ, ಪುಳಿಯೋಗರೆ ಗೊಜ್ಜು. ಡೀಲ್ ನಮಗೇ ಲಾಭ ಅಂತ ನನ್ನ ಅಭಿಪ್ರಾಯ, ಆಂಟಿ ಗಂಡನ ಅಭಿಪ್ರಾಯ ಬೇರೆ.

ಈಗ ಟ್ರೇನಿಂಗ್ ಅನ್ನೋ ದೊಡ್ಡ ಮಾತಿಗೆ ಬರ್ತೀನಿ. ಮೊದಮೊದಲು ನಾನು ಯೂಟ್ಯೂಬ್ ನೋಡ್ಕೊಂಡು ಏನೋ ಕಲಿಸ್ತೀನಿ ಅಂತ ಹೊರಟಿದ್ದೆ. ಲಿಟರ್ ಟ್ರೇ, ಅಂದ್ರೆ ಬೆಕ್ಕಿನ ಕಕ್ಕಸು, ಸುಲಭ ಅಂದ್ರು ಎಲ್ಲರೂ, ನಿಜವಾಗ್ಲೂ ಸುಲಭನೇ, ಬೆಕ್ಕು ಕೆರೆದು ಹೂತು ಮುಚ್ಚೋ ಪ್ರಾಣಿ, ಹೇಳ್ಕೊಡೋದು ಏನಿಲ್ಲ, ಊಟ ಆದ ತಕ್ಷಣ, ನಿದ್ದೆಯಿಂದ ಎದ್ದ ತಕ್ಷಣ ಎತ್ತಿ ಟ್ರೇಲಿ ಬಿಟ್ರೆ ಎರಡು ದಿನದಲ್ಲಿ ಅರ್ಥ ಆಗತ್ತೆ. ಆದ್ರೆ ನಮ್ಮ ಚಿತ್ರಾನ್ನಕ್ಕೆ ಅರ್ಥ ಆಗಿದ್ದು ಏನಂದ್ರೆ, ಕೆರೆಯೋಕೆ ಮಣ್ಣು ಇರೋ ಜಾಗ ಅಂದ್ರೆ ಇದೇ ಅಂತ. ಟ್ರೇಲಿ ನಾವು ಹಾಕಿದ್ದು ಪಕ್ಕದ ಕನ್‌ಸ್ಟ್ರಕ್ಷನ್‌ನಿಂದ ಕೇಳಿ ತಂದ ಎಂ ಸ್ಯಾಂಡು, ಕಲ್ಲು ಪುಡಿ ಮಾಡಿದ ಮರಳು, ಚೂಪು ಚೂಪು, ಪಾದಕ್ಕೆ ಚುಚ್ಚತ್ತೆ. ಬಾಲ್ಕನೀಲಿ ನಾಲ್ಕು ಹೆಜ್ಜೆ ಆಚೆಗೆ ಅತ್ತೆ ತುಳಸಿ ಕುಂಡ, ಕೋಕೋಪೀಟ್ ಹಾಕಿದ ಮೆತ್ತನೆ ಮಣ್ಣು. ನೀವೇ ಬೆಕ್ಕಾಗಿದ್ರೆ ಎಲ್ಲಿ ಹೋಗ್ತಿದ್ರಿ?

ಬೆಳಗ್ಗೆ ಅತ್ತೆ ತುಳಸಿಗೆ ನೀರು ಹಾಕೋಕೆ ಚೊಂಬು ಹಿಡ್ಕೊಂಡು ಹೋದೋರು ಹಾಗೇ ವಾಪಸ್ ಬಂದು ಚೊಂಬು ಕೆಳಗಿಟ್ಟು "ಬಾಮ್ಮ ಇಲ್ಲಿ" ಅಂದ ದನಿಗೆ ನನ್ನ ಕಾಫಿ ತಣ್ಣಗಾಯ್ತು. ನಮ್ಮನೆಯವರು ಮರೀನ ಹಿಡಿದು ಅದರ ಮೂಗು ಅಲ್ಲಿಗೆ ತೋರಿಸಿ ಗದರೋಕೆ ಹೋದ್ರು, ನಾನು ತಡೆದೆ. ಆ ಕೆಲಸ ಮಾಡಿ ಹತ್ತು ನಿಮಿಷ ಆದ ಮೇಲೆ ಗದರಿದ್ರೆ ಅದಕ್ಕೆ ಗೊತ್ತಾಗೋದು ಒಂದೇ, ಈ ಮನುಷ್ಯ ಸುಮ್ಸುಮ್ನೆ ಕಿರುಚ್ತಾನೆ ಅಂತ. ಮುಂದಿನ ಸಲ ಅಲ್ಲಿ ಮಾಡೋದು ಬಿಡಲ್ಲ, ನೀವು ನೋಡೋ ಹೊತ್ತಲ್ಲಿ ಮಾಡೋದು ಬಿಡತ್ತೆ, ಸೋಫಾ ಹಿಂದೆ ಹೋಗತ್ತೆ, ಅಷ್ಟೇ ವ್ಯತ್ಯಾಸ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯೋ ಗಾದೆ ಇದ್ಯಲ್ಲ, ಕಣ್ಣು ಮುಚ್ಚೋದು ನಾವೇ.

ಕುಂಡದ ಮಣ್ಣು ಬದಲಾಯಿಸಿ ಮೇಲೆ ಪೂರ್ತಿ ದುಂಡು ಬೆಣಚುಕಲ್ಲು ಹೊದಿಸಿದ್ವಿ, ನೀರು ಇಳಿಯತ್ತೆ, ಕೆರೆಯೋಕೆ ಆಗಲ್ಲ. ಎಂ ಸ್ಯಾಂಡ್ ಎಸೆದು ಜರಡಿ ಹಿಡಿದ ನಯ ಮರಳು ಹಾಕಿದ್ವಿ. ಅಂಗಡೀಲಿ ಸಿಗೋ ಗಂಟು ಕಟ್ಟೋ ಲಿಟರ್ ಇಷ್ಟು ಚಿಕ್ಕದಕ್ಕೆ ಬೇಡ ಅಂದಿದ್ರು ಡಾಕ್ಟ್ರು, ಮರಿ ಎಲ್ಲಾನೂ ಬಾಯಿಗೆ ಹಾಕ್ಕೊಳ್ಳತ್ತೆ, ಹೊಟ್ಟೇಲೂ ಗಂಟು ಕಟ್ಟತ್ತೆ. ಟ್ರೇ ಅಂದ್ರೆ ಕುಂಡದ ಕೆಳಗಿಡೋ ಅಗಲ ತಟ್ಟೆ, ಅಂಚು ಎರಡು ಇಂಚು, ಹತ್ತಿ ಇಳಿಯೋಕೆ ಕಷ್ಟ ಇಲ್ಲ. ಬಟ್ಟಲಿಂದ ದೂರ ಇಟ್ವಿ, ಯಾರಿಗೆ ತಾನೇ ಕಕ್ಕಸಿನ ಪಕ್ಕ ಊಟ ಸೇರತ್ತೆ. ಅದಾದ ಮೇಲೆ ತುಳಸಿ ಕಡೆ ತಿರುಗಿ ನೋಡಿಲ್ಲ. ಮಣ್ಣು ಕಲ್ಲು ಬದಲಾಯಿಸೋಕೆ ಒಂದು ಮಧ್ಯಾಹ್ನ ಹಿಡೀತು, ಗದರಿದ್ರೆ ಒಂದು ವರ್ಷ ಹಿಡೀತಿತ್ತೋ ಏನೋ. ಸೋಫಾ ಕೆರೆಯೋದೂ ಹಂಗೇ, ಕೆರೆಯೋದನ್ನ ಬಿಡಿಸೋಕಾಗಲ್ಲ, ಉಗುರಿನ ಹಳೇ ಸಿಪ್ಪೆ ಕಳಚಬೇಕು, ಪಾದದ ವಾಸನೆ ಹಚ್ಚಿ ಇದು ನಂದು ಅನ್ಬೇಕು, ಅದಕ್ಕೇ ಕೆರೆಯೋದು. ಸೋಫಾ ಪಕ್ಕಕ್ಕೇ ಒಂದು ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ನಿಲ್ಲಿಸಿದ್ವಿ, ಸೋಫಾ ಮೂಲೆಗೆ ಹಳೇ ಪ್ಲಾಸ್ಟಿಕ್ ಶೀಟ್ ಅಂಟಿಸಿದ್ವಿ. ಒಂದು ವಾರ. ಸೋಫಾ ಎಡಗಡೆ ಮೂಲೆ ಆಗ್ಲೇ ಹೋಗಿತ್ತು, ಅದು ಬೇರೆ ವಿಷ್ಯ.

ಫಿನಾಯಿಲ್ ಬಿಟ್ವಿ. ಪಾದಕ್ಕೆ ಅಂಟ್ಕೊಂಡಿದ್ದನ್ನ ನೆಕ್ಕಿ ನೆಕ್ಕಿ ಹೊಟ್ಟೆಗೆ ಹೋಗತ್ತೆ, ಫಿನಾಲ್ ಇರೋ ಯಾವುದೂ ಬೆಕ್ಕಿಗೆ ಆಗಿಬರಲ್ಲ. ನೆಲ ಈಗ ಸೋಪಿನ ನೀರು, ವಿನೆಗರ್. ಕೆಲಸದವರು "ನೆಲ ಉಪ್ಪಿನಕಾಯಿ ವಾಸ್ನೆ ಹೊಡಿತದಕ್ಕ" ಅಂತಾರೆ. ನುಸಿಗುಳಿಗೆನೂ ಹಂಗೇ, ಬೀರುವಿಂದ ಎಲ್ಲಾ ಆರಿಸಿ ಎಸೆದಿದ್ದಾಯ್ತು.

ಕಚ್ಚೋದು ಇನ್ನೊಂದು ಕಥೆ. ಒಡಹುಟ್ಟಿದವು ಜೊತೆಗಿದ್ರೆ ಜೋರಾಗಿ ಕಚ್ಚಿದಾಗ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗತ್ತೆ, ಹಾಗೆ ಎಷ್ಟು ಕಚ್ಬೇಕು ಅಂತ ಕಲೀತಾವೆ. ಒಂಟಿ ಮರಿಗೆ ಆ ಪಾಠ ಇಲ್ಲ. ಮಗಳು ಮೊದಲ ವಾರ ಬೆರಳು ಆಡಿಸಿ ಆಡಿಸಿ ಕಚ್ಚಿಸ್ಕೊಂಡು ನಗ್ತಾ ಇದ್ಲು, ಮೂರನೇ ದಿನ ಮಣಿಕಟ್ಟಿನ ಮೇಲೆ ಉದ್ದಕ್ಕೆ ಪರಚಿದ ಗೆರೆ. ರಕ್ತ ಬಂದಿಲ್ಲ, ಬರೀ ಕೆಂಪು ಗೆರೆ, ಮರಿ ತಾನೇ ಅಂತ ಬಿಡೋದಾ? ಬೀದಿ ಬೆಕ್ಕಿನ ಮರಿ, ಅದಕ್ಕಿನ್ನೂ ರೇಬಿಸ್ ಇಂಜೆಕ್ಷನ್ ಆಗಿಲ್ಲ, ಬಿಡಬಾರ್ದು. ನಲ್ಲಿ ಕೆಳಗೆ ಸೋಪ್ ಹಾಕಿ ಗಡಿಯಾರ ನೋಡ್ಕೊಂಡು ಪೂರ್ತಿ ಹದಿನೈದು ನಿಮಿಷ ತೊಳೆದೆ, ಸರ್ಕಾರಿ ಆಸ್ಪತ್ರೆಗೆ ಹೋದ್ವಿ. ಎರಡೂ ತೋಳಿಗೆ ಚರ್ಮದ ಪದರದಲ್ಲಿ ಚಿಕ್ಕ ಚುಚ್ಚು, ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ನಾಲ್ಕು ಸಲನೂ ಅವಳು ಕೇಳಿದ್ದು ಒಂದೇ ಪ್ರಶ್ನೆ, ಚಿತ್ರಾನ್ನಕ್ಕೆ ಯಾವಾಗ ಚುಚ್ತಾರೆ? ಚಿತ್ರಾನ್ನದ್ದೂ ಬಂತು. ಜಂತುಹುಳಕ್ಕೆ ತೂಕ ನೋಡಿ ಸಿರಪ್, ಎಂಟು ವಾರಕ್ಕೆ ಮೊದಲನೇ ಲಸಿಕೆ, ನಾಲ್ಕು ವಾರ ಬಿಟ್ಟು ಎರಡನೇದು, ಮೂರು ತಿಂಗಳಿಗೆ ರೇಬಿಸ್‌ದು. ಮೊದಲನೇದ್ರಲ್ಲಿ ಬೆಕ್ಕಿನ ಪಾರ್ವೋ ಅಂತಾರಲ್ಲ, ಆ ವಾಂತಿ ಭೇದಿ ಕಾಯಿಲೆದೂ ಸೇರಿರತ್ತೆ, ಅದು ಬಂದ್ರೆ ಮರಿಗಳು ಉಳಿಯೋದು ಕಷ್ಟ, ಹಾಗಾಗಿ ದುಡ್ಡಿನ ಮುಖ ನೋಡ್ಬೇಡಿ.

ಕೈ ಆಟ ಬಂದ್. ಪೊರಕೆಯಿಂದ ಒಂದು ತೆಂಗಿನಕಡ್ಡಿ ಎಳೆದು, ತುದಿಗೆ ಮಗಳ ಹಳೇ ರಿಬ್ಬನ್ ಕಟ್ಟಿ, ಅದನ್ನ ನೆಲದ ಮೇಲೆ ಹಲ್ಲಿ ಥರ ಓಡಿಸೋದು. ಕೈಗೆ ಬಾಯಿ ಹಾಕಿದ್ರೆ ಕೈ ಎಳ್ಕೊಳ್ಳಬಾರ್ದು, ಎಳೆದ್ರೆ ಬೇಟೆ ಓಡ್ತು ಅಂತ ಇನ್ನೂ ಗಟ್ಟಿ ಹಿಡಿಯತ್ತೆ, ಹಾಗೇ ಕಲ್ಲಿನ ಥರ ನಿಂತು, ಬಿಟ್ಟ ಮೇಲೆ ಎದ್ದು ಆಚೆ ಹೋಗ್ಬಿಡೋದು. ಆಟ ಮುಗೀತು. ಮಗಳು ಇದನ್ನ ನಾಲ್ಕೇ ದಿನಕ್ಕೆ ಕಲಿತ್ಲು, ನಮ್ಮನೆಯವರು ಇನ್ನೂ ಕಲೀತಾ ಇದಾರೆ, ಕೈ ನೋಡಿದ್ರೆ ಗೊತ್ತಾಗತ್ತೆ. ಆಟ ಆದ ಮೇಲೆ ರಿಬ್ಬನ್ ಎತ್ತಿಡ್ಬೇಕು, ದಾರ ನುಂಗಿದ್ರೆ ಕರುಳಿಗೆ ಸುತ್ಕೊಳ್ಳತ್ತೆ. ರಾತ್ರಿ ಮೂರೂವರೆಗೆ ಮನೆ ತುಂಬಾ ಕುದುರೆ ಓಟ ಶುರು ಆಗ್ತಿತ್ತು, ಅದೂ ಕಡ್ಡಿಯಿಂದಲೇ ಸರಿಹೋಯ್ತು, ಮಲಗೋಕೆ ಮುಂಚೆ ಹತ್ತು ಗಂಟೆಗೆ ಏದುಸಿರು ಬರೋ ತನಕ ಆಡಿಸಿ, ಆಮೇಲೆ ಊಟ ಹಾಕಿದ್ರೆ, ಬೇಟೆ ಆಯ್ತು ಊಟ ಆಯ್ತು ಅಂತ ಮೈ ನೆಕ್ಕೊಂಡು ಮಲಗತ್ತೆ. ಹೆಸರಿಗೆ ಬರೋದನ್ನ ಕಲಿಸಿದ್ದು ಅತ್ತೆ. ಕಾಳಿನ ಡಬ್ಬಿ ಅಲ್ಲಾಡಿಸಿ ಚಿತ್ರಾ ಅನ್ನೋದು, ಅಷ್ಟೇ.

ಇಷ್ಟೆಲ್ಲಾ ಗೆದ್ವಿ ಅಂದ್ಕೊಂಡಿರುವಾಗ ದಸರಾ ಬಂತು.

ಮೈಸೂರಲ್ಲಿ ಇರೋರಿಗೆ ಹೇಳ್ಬೇಕಾಗಿಲ್ಲ. ಅತ್ತೆ ಏಳು ಮೆಟ್ಟಿಲು ಕೂರಿಸ್ತಾರೆ. ಮೇಲೆ ಪಟ್ಟದ ಗೊಂಬೆ, ಅವರ ಮದುವೇಲಿ ಅವರಮ್ಮ ಕೊಟ್ಟಿದ್ದು, ಕೆಳಗೆ ದಶಾವತಾರ, ಜಂಬೂಸವಾರಿ, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರು ಶೆಟ್ಟಮ್ಮ ಅಂಗಡಿ ಇಟ್ಕೊಂಡು ಕೂತಿರೋದು. ನಾಲ್ಕು ತಿಂಗಳ ಬೆಕ್ಕಿನ ಕಣ್ಣಿಂದ ನೋಡಿ. ಯಾರೋ ಅದಕ್ಕೆ ಅಂತಲೇ ಬಿಳಿ ಪಂಚೆ ಹಾಸಿ ಮೆಟ್ಟಿಲು ಕಟ್ಟಿ, ಪ್ರತಿ ಮೆಟ್ಟಿಲಲ್ಲೂ ತಳ್ಳೋಕೆ ಸಾಮಾನು ಜೋಡಿಸಿ, ಲೈಟ್ ಹಾಕಿಟ್ಟಿದಾರೆ. ಪಾಡ್ಯದ ರಾತ್ರಿನೇ ದಡ್ ಅಂತ ಶಬ್ದ. ಎದ್ದು ಬಂದು ನೋಡಿದ್ರೆ ಶೆಟ್ಟರ ತಲೆ ಬೇರೆ, ಶೆಟ್ಟರು ಬೇರೆ. ಚಿತ್ರಾನ್ನ ಐದನೇ ಮೆಟ್ಟಿಲಲ್ಲಿ ಕೂರ್ಮಾವತಾರಕ್ಕೂ ವರಾಹಕ್ಕೂ ಮಧ್ಯ ಕಾಲು ಮಡಚಿ ಕೂತಿದೆ, ಹನ್ನೊಂದನೇ ಅವತಾರ. ಅತ್ತೆ ತಲೆ ಎತ್ಕೊಂಡು ಸೆರಗಲ್ಲಿ ಒರೆಸಿ ಟೇಬಲ್ ಮೇಲೆ ಇಟ್ರು. ನಾನು ಇವತ್ತು ಮುಗೀತು, ನಾಳೆ ಇದನ್ನ ಆಂಟಿ ಮನೆಗೆ ಕಳಿಸ್ತಾರೆ ಅಂತಲೇ ಅಂದ್ಕೊಂಡೆ.

ಬೆಳಗ್ಗೆ ಕಾಫಿ ಕುಡೀತಾ ಅತ್ತೆ ಕೇಳಿದ್ರು, "ಅಲ್ಲಮ್ಮ, ಅದಕ್ಕೆ ಅಲ್ಲಿ ಏನು ಇಷ್ಟ ಆಯ್ತು? ಎತ್ತರನಾ, ಮೆತ್ತಗಿರೋದಾ, ಲೈಟ್ ಬಿಸೀನಾ?" ತುಳಸಿ ಕುಂಡದ ವಿದ್ಯೆ ಅವರಿಗೆ ನನಗಿಂತ ಚೆನ್ನಾಗಿ ಹತ್ತಿತ್ತು. ಕಿಟಕಿ ಪಕ್ಕ ಎತ್ತರದ ಸ್ಟೂಲು, ಮೆಟ್ಟಿಲಿಗಿಂತ ಒಂದು ಮೊಳ ಮೇಲೆ, ಅದರ ಮೇಲೆ ಗೋಣಿಚೀಲ ಮಡಚಿ ಹಾಕಿ, ಅದಕ್ಕೆ ಬಿಸಿಲು ಬೀಳೋ ಹಾಗೆ ಪರದೆ ಸರಿಸಿದ್ವಿ. ಮೆಟ್ಟಿಲ ಅಂಚಿಗೆಲ್ಲಾ ಎರಡೂ ಕಡೆ ಅಂಟೋ ಟೇಪು, ಪಾದ ಅಂಟ್ಕೊಂಡ್ರೆ ಅದಕ್ಕೆ ಅಸಹ್ಯ. ಗೊಂಬೆ ಬುಡಕ್ಕೂ ಅದೇ ಟೇಪು. ಎರಡು ದಿನ ಒಂದು ಕಾಲಿಟ್ಟು, ಕೊಡವಿ, ನಮ್ಮ ಮುಖ ನೋಡಿ, ಸ್ಟೂಲ್ ಹತ್ತಿ ಹೋಯ್ತು. "ಗೊಂಬೆ ಕೂರ್ಸಿದೀರಾ" ಅಂತ ಬಂದ ಬೀದಿ ಮಕ್ಕಳೆಲ್ಲಾ ಗೊಂಬೆಗೆ ಬೆನ್ನು ಹಾಕಿ ಸ್ಟೂಲ್ ಮುಂದೆ ನಿಂತಿದ್ರು, ಅತ್ತೆಗೆ ಅದೊಂದು ಮಾತ್ರ ಸ್ವಲ್ಪ ಬೇಜಾರು. ಶೆಟ್ಟರಿಗೆ ಫೆವಿಕ್ವಿಕ್ ಹಾಕಿದ್ವಿ, ಈಗ ಶೆಟ್ಟಮ್ಮನ ಕಡೆ ನೋಡ್ತಿಲ್ಲ, ಸ್ಟೂಲ್ ಕಡೆ ನೋಡ್ತಿದಾರೆ.

ಮರಿ ಆಗದೇ ಇರೋ ಹಾಗೆ ಮಾಡೋ ಆಪರೇಷನ್ ಮುಂದಿನ ವಾರಕ್ಕೆ ಬುಕ್ ಆಗಿದೆ. ಆಂಟಿ "ಒಂದ್ ಸೂಲಾದ್ರೂ ಆಗ್ಲಿ ಬುಡವ್ವ, ಪಾಪ" ಅಂದ್ರು, ಡಾಕ್ಟ್ರು ಅದರ ಅಗತ್ಯ ಏನೂ ಇಲ್ಲ ಅಂದ್ರು. ನಾಲ್ಕೈದು ತಿಂಗಳಿಗೇ ಬೆದೆಗೆ ಬರತ್ತೆ, ಒಂದು 65 ದಿನಕ್ಕೆ ಮರಿ ಹಾಕತ್ತೆ, ಆಮೇಲೆ ಆ ಮರಿಗಳು ಯಾರ ಸ್ಕೂಟರ್ ಒಳಗೋ. ಆಂಟಿನೂ ಆಮೇಲೆ ಒಪ್ಪಿದ್ರು, ಆಪರೇಷನ್ ಆದ ಮೇಲೆ ಬಾಣಂತಿ ಥರ ನೋಡ್ಕೋಬೇಕು, ಸೂಪು ನಂದು ಅಂದಿದಾರೆ.

ನಿನ್ನೆ ಗೊಂಬೆ ಎಲ್ಲಾ ಪೇಪರ್ ಸುತ್ತಿ ಪೆಟ್ಟಿಗೆಗೆ ತುಂಬಿಸ್ತಾ ಇದ್ವಿ. ಐದನೇ ಮೆಟ್ಟಿಲಿನ ಪಂಚೆ ಕೊಡವಿದಾಗ ಅಕ್ಕಿ ನುಚ್ಚಿನಷ್ಟು ಏನೋ ಬಿತ್ತು. ಮಗಳು ಎತ್ತಿ ಬೆಳಕಿಗೆ ಹಿಡಿದ್ಲು, ಹಾಲುಹಲ್ಲು. ನಾಲ್ಕು ತಿಂಗಳಿಗೆ ಬೀಳೋಕೆ ಶುರುವಾಗತ್ತೆ, ಸಾಮಾನ್ಯ ನುಂಗ್ಬಿಡ್ತಾವೆ, ಕೈಗೆ ಸಿಗೋದು ಅಪರೂಪ. ಅತ್ತೆ ಅದನ್ನ ಒಂದು ಕುಂಕುಮದ ಭರಣಿಗೆ ಹಾಕಿ ಶೆಟ್ಟರ ಪಕ್ಕ ಇಟ್ರು, ಯಾಕೆ ಅಂತ ನಾನು ಕೇಳ್ಲಿಲ್ಲ. ಪ್ರತಿ ವರ್ಷ ಪೆಟ್ಟಿಗೆಗೆ ನುಸಿಗುಳಿಗೆ ಹಾಕ್ತಿದ್ದೋರು ಈ ಸಲ ಒಣಗಿಸಿದ ಬೇವಿನಸೊಪ್ಪು ಹರಡಿದ್ರು. ಮುಚ್ಚಳ ಹಾಕೋಕೆ ಮುಂಚೆ ಬಗ್ಗಿ ಒಂದು ಸಲ ಒಳಗೆ ನೋಡಿದ್ರು, ಆಮೇಲೆ ಪೆಟ್ಟಿಗೆ ಮೇಲೆ ಎರಡು ಸಲ ತಟ್ಟಿದ್ರು. ಒಳಗಿರ್ಲಿಲ್ಲ. ಪೆಟ್ಟಿಗೆ ಇಡೋಕೆ ಅಂತ ತೆರೆದಿದ್ದ ಅಟ್ಟದ ಮೇಲೆ, ನಮಗಿಂತ ಮೊದಲೇ ಹತ್ತಿ ಕೂತಿತ್ತು.